ಕಾರ್ಖಾನೆಗಳಿಂದ ಹಸಿರುಮನೆ ಅನಿಲ ಬರುವುದು ಬರೀ ಇಂಧನ ಸುಡುವುದರಿಂದಲೇನಾ?

ಹೆಚ್ಚಿನದು ಹೌದು, ಪೂರ್ತಿ ಅಲ್ಲ.

ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಸುಮಾರು ಮುಕ್ಕಾಲು ಪಾಲು ಇಂಧನ ಬಳಕೆಯಿಂದಲೇ ಬರುತ್ತದೆ. ವಿದ್ಯುತ್, ವಾಹನ, ಕಾರ್ಖಾನೆಯ ಕುಲುಮೆ ಎಲ್ಲಾ ಇದರಲ್ಲಿ ಸೇರಿವೆ. ಒಂದು ಕಿಲೋ ಇಂಗಾಲ ಪೂರ್ತಿ ಉರಿದರೆ ಸುಮಾರು 3.7 ಕಿಲೋ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಸುಟ್ಟಿದ್ದಕ್ಕಿಂತ ಜಾಸ್ತಿ ಹೇಗೆ ಅನ್ನಿಸುತ್ತೆ ಅಲ್ವಾ? ಗಾಳಿಯಲ್ಲಿರುವ ಆಮ್ಲಜನಕವೂ ಅದರ ಜೊತೆ ಸೇರಿಕೊಳ್ಳುತ್ತದೆ, ಅದಕ್ಕೇ ಈ ತೂಕ.

ಆದರೆ ಜನ ಗಮನಿಸದೇ ಇರುವುದು ಸಿಮೆಂಟ್ ಕಥೆ. ನನಗೆ ಇದೇ ಹೆಚ್ಚು ಚಿಂತೆಯ ವಿಷಯ. ಸಿಮೆಂಟ್ ಮಾಡಲು ಸುಣ್ಣದ ಕಲ್ಲನ್ನು ಗೂಡಿನಲ್ಲಿ ಕಾಯಿಸುತ್ತಾರೆ. ಶಾಖ 1450 ಡಿಗ್ರಿ ಸೆಲ್ಸಿಯಸ್‌ವರೆಗೂ ಏರುತ್ತದೆ. ಆ ಬಿಸಿಗೆ ಕಲ್ಲೇ ಒಡೆದು ಬೇರೆಯಾಗುತ್ತದೆ. 100 ಕಿಲೋ ಶುದ್ಧ ಸುಣ್ಣದ ಕಲ್ಲು ಹಾಕಿದರೆ ಉಳಿಯುವ ಸುಣ್ಣ 56 ಕಿಲೋ. ಮಿಕ್ಕ 44 ಕಿಲೋ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ! ಗೂಡಿಗೆ ಹಾಕಿದ ಕಲ್ಲಿದ್ದಲಿನ ಲೆಕ್ಕ ಬೇರೆ. ಅಂದರೆ ನಾಳೆ ಗೂಡನ್ನು ಸೌರ ವಿದ್ಯುತ್ತಿನಿಂದಲೇ ಕಾಯಿಸಿದರೂ ಕಲ್ಲಿನೊಳಗಿನ ಅನಿಲ ಹೊರಗೆ ಬಂದೇ ಬರುತ್ತದೆ.

ಉಕ್ಕಿನದ್ದೂ ಹೆಚ್ಚು ಕಡಿಮೆ ಹೀಗೆಯೇ. ಕಬ್ಬಿಣದ ಅದಿರಿನಲ್ಲಿರುವ ಆಮ್ಲಜನಕವನ್ನು ತೆಗೆಯಲು ಕೋಕ್ (ಕಲ್ಲಿದ್ದಲನ್ನು ಕಾಯಿಸಿ ಮಾಡಿದ ಇಂಗಾಲ) ಬೇಕು, ಬರೀ ಶಾಖಕ್ಕಲ್ಲ; ಆ ಆಮ್ಲಜನಕ ಇಂಗಾಲದ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಆದರೆ ಇಲ್ಲಿ ಕೋಕ್ ಬದಲು ಹೈಡ್ರೋಜನ್ ಬಳಸಬಹುದು, ಆಗ ಹೊರಬರುವುದು ನೀರಾವಿ.

ಇನ್ನು ಗಣಿ, ಗ್ಯಾಸ್ ಪೈಪುಗಳಿಂದ ಸುಮ್ನೆ ಸೋರಿಹೋಗುವ ಮೀಥೇನ್. ಅದನ್ನು ಯಾರೂ ಬಳಸಿದ್ದೇ ಇಲ್ಲ, ಆದರೂ ತೂಕಕ್ಕೆ ತೂಕ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಶಾಖ ಹಿಡಿದಿಡುತ್ತದೆ.