ಕರು ಹಾಕಿದ ಎಮ್ಮೆ ಬೆದೆಗೆ ಬಾರದಿದ್ದರೆ

ಪ್ರಶ್ನೆ: ನಮ್ಮ ಎಮ್ಮೆ ಮೂರನೆಯ ಸೂಲು ಈದು ಐದು ತಿಂಗಳಾಯಿತು. ಹಾಲು ಚೆನ್ನಾಗಿಯೇ ಇದೆ, ಆದರೆ ಇದುವರೆಗೆ ಬೆದೆಗೆ ಬಂದದ್ದು ಕಾಣಲಿಲ್ಲ. ಈದಾಗ ಮಾಸು ಮರುದಿನ ಬಿದ್ದಿತ್ತು. ಬೆದೆಗೆ ಬರುವ ಇಂಜೆಕ್ಷನ್ ಕೊಡಿಸಬಹುದೇ?

ಉತ್ತರ: ಇಂಜೆಕ್ಷನ್ನಿನ ಮಾತು ಕೊನೆಗಿರಲಿ. ಎಮ್ಮೆ ನಿಜವಾಗಿಯೂ ಬೆದೆಗೆ ಬರುತ್ತಿಲ್ಲವೋ, ಅಥವಾ ಬಂದದ್ದು ನಿಮ್ಮ ಕಣ್ಣಿಗೆ ಬೀಳುತ್ತಿಲ್ಲವೋ ಎಂಬುದು ಮೊದಲು ತಿಳಿಯಬೇಕು. ಪಶುವೈದ್ಯರು ಗುದದ್ವಾರದ ಮೂಲಕ ಕೈಹಾಕಿ ಅಂಡಾಶಯವನ್ನು ಪರೀಕ್ಷಿಸಿದಾಗ ಅದರಲ್ಲಿ ಹಳದಿಕಾಯ (ಅಂಡ ಹೊರಬಿದ್ದ ಜಾಗದಲ್ಲಿ ಬೆಳೆಯುವ ಗಂಟು) ಸಿಕ್ಕಿದರೆ, ಎಮ್ಮೆ ಈಚೆಗೆ ಬೆದೆಗೆ ಬಂದು ಹೋಗಿದೆ ಎಂದು ತಿಳಿಯಬಹುದು. ಅಂಡಾಶಯ ಚಿಕ್ಕದಾಗಿ, ನುಣುಪಾಗಿದ್ದರೆ ಋತುಚಕ್ರ ಇನ್ನೂ ಆರಂಭವಾಗಿಲ್ಲವೆಂದೇ ಹೆಚ್ಚಾಗಿ ಅರ್ಥ. ಈ ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಬೆದೆಗೆ ತರಲೆಂದು ಸಾಮಾನ್ಯವಾಗಿ ಕೊಡುವ ಪ್ರೊಸ್ಟಾಗ್ಲಾಂಡಿನ್ ಎಂಬ ಇಂಜೆಕ್ಷನ್ ಹಳದಿಕಾಯ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ಎಮ್ಮೆ ಗಬ್ಬವಾಗಿದ್ದರೆ ಅದೇ ಔಷಧ ಗರ್ಭಪಾತ ಮಾಡಿಸುತ್ತದೆ. ಋತುಚಕ್ರ ಇನ್ನೂ ಆರಂಭವಾಗದಿದ್ದರೆ ಮೇವು ಸರಿಪಡಿಸಿದ ಮೇಲೆ ವೈದ್ಯರು ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಬಿಡುವ ಸಾಧನವನ್ನು ಯೋನಿಯಲ್ಲಿ ಇರಿಸಿ ಪ್ರಯತ್ನಿಸಬಹುದು.

ನಿಮ್ಮ ಎಮ್ಮೆಗೆ ಮಾಸು ತಡವಾಗಿ ಬಿದ್ದಿರುವುದರಿಂದ ಗರ್ಭಕೋಶದ ಸೋಂಕನ್ನೂ ನೋಡಿಸಿರಿ. ಈದ 12 ಗಂಟೆಯೊಳಗೆ ಮಾಸು ಬೀಳದಿದ್ದರೆ ತಡವಾಯಿತೆಂದೇ ಲೆಕ್ಕ. ಆಗ ಅದನ್ನು ಜಗ್ಗಿ ಎಳೆಯುವುದು, ಭಾರ ಕಟ್ಟುವುದು ಗರ್ಭಕೋಶವನ್ನು ಹರಿಯುತ್ತದೆ. ಹಾಗೆ ಮಾಡುವವರನ್ನು ದಯವಿಟ್ಟು ತಡೆಯಿರಿ. ಬೆದೆಯ ಲೋಳೆ ಗಾಜಿನಂತೆ ತಿಳಿಯಾಗಿರದೆ ಮಬ್ಬಾಗಿದ್ದರೆ ಅಥವಾ ಕೀವಿನ ಎಳೆಗಳಿದ್ದರೆ, ಚಿಕಿತ್ಸೆ ಮುಗಿಯುವವರೆಗೆ ಗರ್ಭಧಾರಣೆ ಮಾಡಿಸುವುದು ವ್ಯರ್ಥ.

ನೋಡುವ ರೀತಿಯೂ ಮುಖ್ಯ. ಎಮ್ಮೆಯ ಬೆದೆ ಹಸುವಿನಷ್ಟು ಗದ್ದಲದ್ದಲ್ಲ. ಒಂದರ ಮೇಲೊಂದು ಏರುವುದು ಅಪರೂಪ, ಲೋಳೆ ಜೋತುಬೀಳದೆ ಮಲಗಿದಾಗಷ್ಟೇ ನೆಲದ ಮೇಲೆ ಕಾಣಬಹುದು, ಮತ್ತು ಹಲವು ಎಮ್ಮೆಗಳು ರಾತ್ರಿಯಲ್ಲೋ ನಸುಕಿನಲ್ಲೋ ಬೆದೆ ತೋರಿ ಹೊತ್ತೇರುವಷ್ಟರಲ್ಲಿ ಸುಮ್ಮನಾಗುತ್ತವೆ. ಹಾಲು ಕರೆಯುವ ಮುನ್ನವೂ ರಾತ್ರಿ ಮಲಗುವ ಮುನ್ನವೂ ಕೊಟ್ಟಿಗೆಗೆ ಹೋಗಿ, ಕರೆಯದಿದ್ದರೂ ಮೊಲೆ ಬಿಗಿದಿರುವುದು, ಪದೇ ಪದೇ ಮೂತ್ರ ಮಾಡುವುದು, ಕೂಗುವುದು, ಏಕಾಏಕಿ ಹಾಲು ಕಡಿಮೆಯಾಗುವುದು ಇವನ್ನು ಗಮನಿಸಿ ತಾರೀಖು ಬರೆದಿಡಿರಿ. ಸುಮಾರು 21 ದಿನಗಳಿಗೆ ಅದೇ ಲಕ್ಷಣ ಮರುಕಳಿಸಿದರೆ ಸಂಶಯ ಬೇಡ.

ಹಾಲು ಚೆನ್ನಾಗಿದೆ ಎಂದಿದ್ದೀರಿ. ನನಗೆ ಅನುಮಾನ ಇರುವುದು ಅಲ್ಲಿಯೇ. ಈದ ಮೊದಲ ತಿಂಗಳುಗಳಲ್ಲಿ ತಿಂದ ಮೇವಿಗಿಂತ ಹೆಚ್ಚಿನ ಶಕ್ತಿ ಹಾಲಿಗೆ ಹೋಗುವುದರಿಂದ ಎಮ್ಮೆ ತನ್ನ ಮೈಯ ಕೊಬ್ಬನ್ನೇ ಕರಗಿಸುತ್ತದೆ, ಆಗ ಮಿದುಳಿನಿಂದ ಅಂಡಾಶಯಕ್ಕೆ ಹೋಗುವ ಹಾರ್ಮೋನಿನ ಪ್ರಚೋದನೆ ಕುಗ್ಗುತ್ತದೆ. ಪಕ್ಕೆಲುಬು, ಸೊಂಟದ ಮೂಳೆ ಎದ್ದು ಕಾಣುತ್ತಿದ್ದರೆ ಹಿಂಡಿಯೊಂದನ್ನೇ ಹೆಚ್ಚಿಸದೆ ಧಾನ್ಯದ ನುಚ್ಚು, ಹಸಿರು ಮೇವು ಸೇರಿಸಿರಿ. ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣವೂ ಇರಲಿ. ಆದರೆ ಬಡಕಲು ಎಮ್ಮೆಗೆ ಬರಿಯ ಖನಿಜ ಮಿಶ್ರಣ ತಿನ್ನಿಸಿ ಬೆದೆ ಕಾಯುವುದರಲ್ಲಿ ಅರ್ಥವಿಲ್ಲ. ಕರು ದಿನವಿಡೀ ತಾಯಿಯೊಂದಿಗಿದ್ದು ಮೊಲೆ ಚೀಪುವುದರಿಂದಲೂ ಬೆದೆ ಮುಂದಕ್ಕೆ ಹೋಗುತ್ತದೆ.

ಕಾಲವೂ ಲೆಕ್ಕಕ್ಕೆ ಬರುತ್ತದೆ. ಹಗಲು ಕಿರಿದಾಗುವ ತಿಂಗಳುಗಳಲ್ಲಿ ಎಮ್ಮೆಗಳು ಚೆನ್ನಾಗಿ ಬೆದೆಗೆ ಬಂದು ಬಿಸಿಲುಗಾಲದಲ್ಲಿ ಹಿಂಜರಿಯುತ್ತವೆ. ಕಪ್ಪು ಚರ್ಮ, ಕಡಿಮೆ ಬೆವರುಗ್ರಂಥಿಗಳಿಂದಾಗಿ ಅವು ಬಿಸಿಯನ್ನು ತಾಳಲಾರವು. ನೆರಳು, ಮೈಮೇಲೆ ನೀರು, ಸಾಧ್ಯವಾದರೆ ಕೆರೆಯಲ್ಲೋ ಕೆಸರಿನಲ್ಲೋ ಹೊರಳಾಟ, ತಂಪು ಹೊತ್ತಿನಲ್ಲಿ ಮೇವು, ಇಷ್ಟಾದರೂ ಮಾಡಿರಿ.

ಪ್ರಶ್ನೆ: ಬೆದೆ ಕಂಡ ಎಷ್ಟು ಹೊತ್ತಿಗೆ ಕೃತಕ ಗರ್ಭಧಾರಣೆ ಮಾಡಿಸಬೇಕು? ಈದ ಮೇಲೆ ಎಷ್ಟು ದಿನ ಬಿಡಬೇಕು?

ಉತ್ತರ: ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಮಾಡಿಸಿರಿ, ಮರುದಿನವೂ ಬೆದೆ ಮುಂದುವರಿದಿದ್ದರೆ ಇನ್ನೊಮ್ಮೆ ಮಾಡಿಸಬಹುದು. ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಸುಮಾರು ಒಂದೂವರೆ ತಿಂಗಳು ಬೇಕಾಗುವುದರಿಂದ 60 ದಿನಗಳ ನಂತರದ ಬೆದೆ ಸೂಕ್ತ. ಗಬ್ಬ ಸುಮಾರು 310 ದಿನಗಳದ್ದು. ಆದ್ದರಿಂದ ಈದ ನಾಲ್ಕು ತಿಂಗಳೊಳಗೆ ಗಬ್ಬ ಕಟ್ಟಿದರೆ ಎರಡು ಕರುಗಳ ನಡುವಿನ ಅಂತರ 14 ತಿಂಗಳ ಆಸುಪಾಸಿನಲ್ಲಿ ಉಳಿಯುತ್ತದೆ. ಮತ್ತೆ ಬೆದೆ ಕಾಣಲಿಲ್ಲವೆಂದ ಮಾತ್ರಕ್ಕೆ ಗಬ್ಬವೆಂದು ನಂಬದೆ, ಎರಡು ತಿಂಗಳಿಗೆ ಪರೀಕ್ಷೆ ಮಾಡಿಸಿರಿ. ಮೂರು ಸಲ ಗರ್ಭಧಾರಣೆ ಮಾಡಿಸಿಯೂ ಗಬ್ಬ ನಿಲ್ಲದಿದ್ದರೆ ನಾಲ್ಕನೆಯದಕ್ಕೆ ಮುಂಚೆ ಗರ್ಭಕೋಶದ ತಪಾಸಣೆಯಾಗಲಿ.