ಪ್ರತಿಕ್ರಿಯೆ: ಹ್ಯಾವ್‌ಲಾಕ್‌ನಲ್ಲಿ ಖರ್ಚಿಲ್ಲದೆ ಏನು ನೋಡಬಹುದು?

ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದಲ್ಲಿ ದುಡ್ಡು ಖರ್ಚಿಲ್ಲದೆ ಏನು ನೋಡಬಹುದು ಅಂತ ಕೇಳಿದ್ದೀರಿ. ಕುಂಬಳೆಯ ನಿಮ್ಮ ನೆಂಟರಿಗೆ ಅಲ್ಲಿನ ವಿಜಯನಗರ ಬೀಚಿನಲ್ಲಿ ಬರೀ ಕಲ್ಲು ಕಂಡು, ಕೊನೆಗೆ ದುಡ್ಡು ಕೊಟ್ಟು ಬೋಟು ಹತ್ತಬೇಕಾದದ್ದು ಬಹುಶಃ ಇಳಿತದ ಹೊತ್ತಿಗೆ ಈಜಲು ಹೋದ ಕಾರಣ. ಅಲ್ಲಿ ಆಳ ಕಡಿಮೆ, ನೀರು ಇಳಿದರೆ ದೂರದವರೆಗೆ ಬಂಡೆಯೇ. ನಮ್ಮ ಬೇಕಲದ ಮರಳಿನ ಹಾಗಲ್ಲ.

ಮೊದಲು ಇಂಟರ್‌ನೆಟ್ಟಿನಲ್ಲಿ ಅಲ್ಲಿನ ಉಬ್ಬರ-ಇಳಿತದ ಪಟ್ಟಿ ನೋಡಿ, ನೀವಿರುವ ದಿನಗಳದ್ದನ್ನು ಬರೆದಿಟ್ಟುಕೊಳ್ಳಿ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಹೆಚ್ಚು ಇಳಿಯುತ್ತದೆ.

ಇಳಿತಕ್ಕೆ ಒಂದು ಗಂಟೆ ಮುಂಚೆ ವಿಜಯನಗರದಲ್ಲೇ ನಡೆಯಲು ಹೊರಡಿ. ಕಲ್ಲಿನ ಗುಂಡಿಗಳಲ್ಲಿ ಸಣ್ಣ ಮೀನು, ಶಂಖ ಹೊತ್ತು ನಡೆಯುವ ಏಡಿ, ಮರಳು ಮೆತ್ತಿಕೊಂಡು ಬಿದ್ದಿರುವ ಕಡಲಸೌತೆ (ಸೌತೆಕಾಯಿಯಂತೆ ಕಾಣುವ ಕಡಲ ಪ್ರಾಣಿ) ಸಿಗುತ್ತವೆ. ಹವಾಯಿ ಚಪ್ಪಲಿ ಬೇಡ, ಪಾಚಿಯಲ್ಲಿ ಜಾರುತ್ತದೆ. ಹಳೇ ಶೂ ಸಾಕು. ಜೀವಂತ ಹವಳ ತುಳಿಯಬೇಡಿ. ಶಂಖ ಚೆಂದ ಕಂಡರೂ ಮುಟ್ಟಬೇಡಿ, ಕೆಲವು ಜಾತಿ ವಿಷದ ಮುಳ್ಳು ಚುಚ್ಚುತ್ತವೆ. ಹವಳದ ಚೂರು ಬ್ಯಾಗಿಗೆ ಹಾಕಿದರೆ ವಿಮಾನ ನಿಲ್ದಾಣದಲ್ಲಿ ಕಿರಿಕಿರಿ.

ಎಲಿಫೆಂಟ್ ಬೀಚಿಗೆ ಬೋಟೇ ಬೇಕೆಂದಿಲ್ಲ. ದ್ವೀಪದ ಇನ್ನೊಂದು ಬೀಚಾದ ರಾಧಾನಗರಕ್ಕೆ ಹೋಗುವ ರಸ್ತೆಯಿಂದ ಕಾಡಿನೊಳಗೆ ಸುಮಾರು 2 ಕಿ.ಮೀ. ಕಾಲುದಾರಿ ಇದೆ. ಕೊನೆಯ ತುಂಡು ಕಾಂಡ್ಲಾ ಗಿಡಗಳ ನಡುವಿನ ಕೆಸರು, ಉಬ್ಬರಕ್ಕೆ ಮುಳುಗುತ್ತದೆ. ಹೋಗುವುದು, ಬರುವುದು ಎರಡನ್ನೂ ಇಳಿತಕ್ಕೇ ಹೊಂದಿಸಿ. ಮಳೆ ಬಂದರೆ ಬಿಟ್ಟುಬಿಡಿ. ದಾರಿ ತೆರೆದಿದೆಯಾ ಅಂತ ಲಾಡ್ಜಿನಲ್ಲಿ ಹಿಂದಿನ ದಿನವೇ ಕೇಳಿ.

ಸ್ನಾನಕ್ಕೆ ರಾಧಾನಗರವೇ ಸರಿ, ಮರಳಿನ ತಳ. ಅಲ್ಲಿ ಬೇಗ ಕತ್ತಲಾಗುತ್ತದೆ, ನಾಲ್ಕಕ್ಕೇ ತಲುಪಿ. ಮೊಸಳೆಯ ಎಚ್ಚರಿಕೆ ಫಲಕ ಇದ್ದ ಕಡೆ ನೀರಿಗಿಳಿಯಬೇಡಿ.