ಬರಹಗಾರರಿಗೆ: ಮೊಟ್ಟೆಯಿಡುವ ಕಾಕಟೀಲ್ ಮತ್ತು ಒಂದು ಕೈಯಂತ್ರ

ಬದಿಯಡ್ಕದ ಲೇಖಕಿಗೆ,

ಸಾಕು ಗಿಳಿಗಳ ರಕ್ತ ಪರೀಕ್ಷೆಯ ಕುರಿತ ನಿಮ್ಮ ‘ಅಂಗೈಯಲ್ಲಿ ಪ್ರಯೋಗಾಲಯ’ ಈಗಿರುವ ರೂಪದಲ್ಲಿ ಪ್ರಕಟಣೆಗೆ ಒದಗದು. ಮೊದಲ ಎರಡು ಪುಟ ರಕ್ತ ಪರೀಕ್ಷಿಸುವ ಕೈಯಂತ್ರದ ಹೊಗಳಿಕೆಗೇ ಮುಗಿದಿವೆ. ಮಾರಾಟಗಾರರ ಕರಪತ್ರ ಓದಿದಂತಾಯಿತು. ಕೊನೆಯ ಪುಟದಲ್ಲಿ ನಿಮ್ಮ ಅತ್ತೆಯ ಮನೆಯ ಕಾಕಟೀಲ್, ಅಂದರೆ ಜುಟ್ಟಿನ ಪುಟ್ಟ ಸಾಕು ಗಿಳಿ, ಬರುತ್ತದೆ. ಬರೀ ಸೂರ್ಯಕಾಂತಿ ಬೀಜ ತಿಂದು, ಮೇಲಿಂದ ಮೇಲೆ ಮೊಟ್ಟೆಯಿಡುವ ಹಕ್ಕಿ. ಗಂಡೇ ಇಲ್ಲದ ಪಂಜರದಲ್ಲಿ ಮೊಟ್ಟೆ ಹೇಗೆ ಎಂದು ಅತ್ತೆ ಕೇಳುತ್ತಾರೆ, ನೀವು ಉತ್ತರಿಸದೆ ಮುಂದೆ ಹೋಗುತ್ತೀರಿ! ಲೇಖನ ಶುರುವಾಗಬೇಕಾದದ್ದು ಅಲ್ಲಿಂದ.

ತಪ್ಪೊಂದು ದೊಡ್ಡದಿದೆ. ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಹಕ್ಕಿಗೆ ಕೊರತೆಯಿಲ್ಲ ಎಂದಿದ್ದೀರಿ. ಮೊಟ್ಟೆಯಿಡುವ ಮುನ್ನ ಹೆಣ್ಣಿನಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಏರುತ್ತದೆ, ಯಕೃತ್ತು ಹಳದಿ ಭಾಗಕ್ಕೆ ಬೇಕಾದ ಪ್ರೋಟೀನ್ ತಯಾರಿಸತೊಡಗುತ್ತದೆ. ಆ ಪ್ರೋಟೀನ್ ಕ್ಯಾಲ್ಸಿಯಂ ಹೊತ್ತುಕೊಂಡೇ ರಕ್ತದಲ್ಲಿ ಸಾಗುತ್ತದೆ. ಹಾಗಾಗಿ ಒಟ್ಟು ಲೆಕ್ಕ ಏರುವುದು ಸಹಜ. ಆದರೆ ಸ್ನಾಯುಗಳು ಹಿಂಡಿ ಮೊಟ್ಟೆಯನ್ನು ಹೊರದಬ್ಬಲು ಬೇಕಾದದ್ದು ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಅಯಾನೀಕೃತ ಕ್ಯಾಲ್ಸಿಯಂ. ಒಟ್ಟು ಲೆಕ್ಕ ಧಾರಾಳವಾಗಿ ಕಂಡರೂ ಇದು ಕಡಿಮೆಯಿರಬಹುದು. ಮೊಟ್ಟೆ ಒಳಗೇ ಸಿಕ್ಕಿಕೊಂಡು ಹಕ್ಕಿ ಸಾಯಬಹುದು. ಐ-ಸ್ಟಾಟ್‌ನಂತಹ ಕೈಯಂತ್ರ ಇದನ್ನು ಹಕ್ಕಿಯ ಪಕ್ಕದಲ್ಲೇ, ಕೆಲವೇ ನಿಮಿಷಗಳಲ್ಲಿ ಅಳೆಯುತ್ತದೆ. ಅದರ ಹೆಚ್ಚುಗಾರಿಕೆ ಇಷ್ಟೇ, ಇಷ್ಟು ಸಾಕು ಕೂಡ. ನಿಮ್ಮ ಮೂರು ಪುಟಗಳಲ್ಲಿ ಇದರ ಸುಳಿವಿಲ್ಲ.

‘ಒಂದೇ ಹನಿ ಸಾಕು’ ಎಂಬುದನ್ನೂ ತೆಗೆಯಿರಿ. 90 ಗ್ರಾಂ ತೂಗುವ ಆರೋಗ್ಯವಂತ ಕಾಕಟೀಲ್‌ನಿಂದ ಒಮ್ಮೆಗೆ ತೂಕದ ಶೇ 1, ಅಂದರೆ ಸುಮಾರು 0.9 ಮಿಲಿಲೀಟರ್‌ಗಿಂತ ಹೆಚ್ಚು ರಕ್ತ ತೆಗೆಯುವಂತಿಲ್ಲ; ಯಂತ್ರದಲ್ಲಿ ರಕ್ತ ತುಂಬುವ ಪುಟ್ಟ ಡಬ್ಬಿ, ಅಂದರೆ ಕಾರ್ಟ್ರಿಜ್‌ಗೆ ಸುಮಾರು 0.1 ಮಿಲಿಲೀಟರ್ ಸಾಲುತ್ತದೆ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ‘ಅದ್ಭುತ’, ‘ಕ್ರಾಂತಿಕಾರಿ’ಗಳ ಅಗತ್ಯ ಬೀಳದು. ಇನ್ನು ಆ ಯಂತ್ರ 16ರಿಂದ 30 ಡಿಗ್ರಿ ಸೆಲ್ಸಿಯಸ್ ಒಳಗೆ ಮಾತ್ರ ಕೆಲಸ ಮಾಡುತ್ತದೆ. ಮೇ ತಿಂಗಳ ಮಧ್ಯಾಹ್ನ ಕರೆಂಟು ಹೋದರೆ ನಮ್ಮ ಕಾಸರಗೋಡಿನಲ್ಲಿ ಏನಾದೀತು? ಇದನ್ನು ನೀವು ಕೇಳದೆ ದಿಲ್ಲಿಯವರು ಕೇಳುತ್ತಾರೆಯೇ?

ಜೊತೆಗಿಟ್ಟ ಚಿತ್ರ ಪಂಜರದೊಳಗಿನ ನಮ್ಮೂರ ಹಸಿರು ಗಿಳಿಯದು. ಅದನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅತ್ತೆಯ ಹಕ್ಕಿಯದೇ ಚಿತ್ರ ಬರಲಿ.

ತಿದ್ದುವ ಮೊದಲು ಹಕ್ಕಿಗಳ ಚಿಕಿತ್ಸೆ ಬಲ್ಲ ಪಶುವೈದ್ಯರೊಬ್ಬರನ್ನು ಕಾಣಿ. ರಕ್ತ ತೆಗೆಯಲು ಕುತ್ತಿಗೆಯ ಬಲಬದಿಯ ನಾಳವನ್ನೇ ಏಕೆ ಹುಡುಕುತ್ತಾರೆಂದು ಕೇಳಿ. 800 ಪದ ಮೀರಬೇಡಿ.

ಸಂಪಾದಕ